ಇಳಿದ ಸಕ್ಕರೆ

ನನಗೆ ಸಕ್ಕರೆ ಕಾಯಿಲೆ ಉಂಟೆಂದು ಮೊದಲು ಗೊತ್ತಾದದ್ದು ಡಾಕ್ಟರಿಗಲ್ಲ, ಇರುವೆಗಳಿಗೆ. ಬಚ್ಚಲಿಗೆ ಸಾಲು ಹಿಡಿದು ಬಂದವು. ನಾನು ಸೀಮೆಎಣ್ಣೆ ಸುರಿದು ಓಡಿಸಿದೆ. ಆರು ತಿಂಗಳು ಇರುವೆಯ ಮಾತು ಕೇಳದವಳು ಮನುಷ್ಯರ ಮಾತು ಕೇಳುತ್ತಾಳೆಯೇ ಎಂದು ನೀವು ಕೇಳಬಹುದು. ಕೇಳುವುದಿಲ್ಲ. ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ಕಾಯಿಲೆ ಬಂದ ಮೇಲೆ ಹತ್ತು ವರ್ಷ ನಾನು ಸಿಹಿ ಮುಟ್ಟಲಿಲ್ಲ. ಮದುವೆಯಲ್ಲಿ ಪಾಯಸ ಬಂದರೆ ಎಲೆಗೆ ಕೈ ಅಡ್ಡ ಹಿಡಿದು, ನಾಲ್ಕು ಎಲೆ ಆಚೆಯವರಿಗೂ ಕೇಳುವ ಹಾಗೆ ಬೇಡ ಎನ್ನುತ್ತಿದ್ದೆ. ಅದು ಆರೋಗ್ಯದ ಕಾಳಜಿ ಅಲ್ಲ, ಶುದ್ಧ ಜಂಬ. ಶಾಲೆಗೆ ಹೋದದ್ದು ಮೂರು ವರ್ಷ, ಅಲ್ಲಿ ಮಾರ್ಕು ಸಿಗಲಿಲ್ಲ. ಆಮೇಲೆ ನಲವತ್ತು ವರ್ಷ ಬೀಡಿ ಕಟ್ಟಿದೆ, ಬೀಡಿಗೆ ಮಾರ್ಕು ಯಾರು ಕೊಡುತ್ತಾರೆ? ಹಾಗಾಗಿ ಬೆರಳು ಚುಚ್ಚಿ ನೋಡುವ ಮೀಟರು ಮನೆಗೆ ಬಂದಾಗ ನನಗೆ ಪರೀಕ್ಷೆಯ ಹುಚ್ಚು ಹಿಡಿಯಿತು. ನಂಬರು ಇಳಿದಷ್ಟೂ ನಾನು ಪಾಸು.

ಇಳಿಯುವುದು ಎಂಬ ಮಾತಿನಲ್ಲೇ ನಾನು ಬಿದ್ದದ್ದು. ಜ್ವರ ಇಳಿದರೆ ಒಳ್ಳೆಯದು, ಕಾಲಿನ ಊತ ಇಳಿದರೆ ಒಳ್ಳೆಯದು, ಅಂಗಳಕ್ಕೆ ಬಂದ ನೆರೆ ಇಳಿದರೆ ಇನ್ನೂ ಒಳ್ಳೆಯದು. ಬಾವಿಯ ನೀರು ಇಳಿದರೆ ಯಾರೂ ಸಂತೋಷಪಡುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಕಾವೂರು ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರು ನಾವು ಮೂವರು. ಸುಶೀಲ ಕಡಲಿನವಳು, ನಡೆಯಲು ಕಲಿಯುವ ಮೊದಲೇ ಈಜಿದೆ ಎನ್ನುತ್ತಾಳೆ. ಐಸಮ್ಮನ ಮಗನಿಗೆ ಪಂಪ್‌ವೆಲ್ ಸರ್ಕಲಿನಲ್ಲಿ ಚಪ್ಪಲಿ ಅಂಗಡಿ. ನಾನು ಬೀಡಿಯ ಚೀಲವನ್ನು ಸೈಕಲಿಗೆ ಕಟ್ಟಿ ಡಿಪೋಗೆ ಒಯ್ಯುತ್ತಿದ್ದವಳು. ಮೂವರಿಗೂ ಅರವತ್ತೈದು ದಾಟಿತ್ತು. ಒಂದು ದಿನ ಸುಶೀಲಳ ಸೊಸೆ ಸುದ್ದಿ ತಂದಳು. ಕಡಲ ತೀರದಲ್ಲಿ ಟ್ರಯಥ್ಲಾನ್ ಅಂತ ಒಂದು ಪಂದ್ಯವಂತೆ. ಈಜಬೇಕು, ಸೈಕಲ್ ತುಳಿಯಬೇಕು, ಓಡಬೇಕು. ಮೂವರು ಹಂಚಿಕೊಂಡು ಮಾಡಬಹುದು. ಈಜಿದವಳ ಕಾಲಿಗೆ ಕಟ್ಟಿದ ಪಟ್ಟಿಯನ್ನು ಸೈಕಲಿನವಳು ಕಟ್ಟಿಕೊಳ್ಳಬೇಕು, ಅವಳಿಂದ ಓಡುವವಳು. ಪಟ್ಟಿ ಬಾರದೆ ಮುಂದಿನವಳು ಒಂದು ಹೆಜ್ಜೆಯೂ ಇಡುವ ಹಾಗಿಲ್ಲ.

ಓಟ ಐಸಮ್ಮನ ಪಾಲಿಗೆ ಬಂತು. ಅವಳು ಶಾಲೆಯಲ್ಲಿ ಹುಡುಗರನ್ನೂ ಹಿಂದೆ ಹಾಕಿ ಓಡುತ್ತಿದ್ದವಳು. ಐದನೇ ಕ್ಲಾಸಿಗೆ ಬಿಡಿಸಿದರು. ಮದುವೆ ಆದ ಮೇಲೆ ಬಸ್ಸಿನ ಹಿಂದೆಯೂ ಓಡಲಿಲ್ಲ ಎಂದು ಅವಳೇ ನಗಾಡುತ್ತಾಳೆ. ಮಗನ ಅಂಗಡಿಯಿಂದ ಅವನಿಗೇ ಗೊತ್ತಾಗದ ಹಾಗೆ ಒಂದು ಜೊತೆ ಶೂ ತಂದಳು. ಅದನ್ನು ಪಂದ್ಯಕ್ಕೆಂದು ಎತ್ತಿಟ್ಟು, ಆರು ತಿಂಗಳು ಕತ್ತಲು ಹರಿಯುವ ಮೊದಲೇ ಕೆರೆಯ ದಂಡೆಯಲ್ಲಿ ಬರಿಗಾಲಿನಲ್ಲಿ ಓಡಿ ಅಭ್ಯಾಸ ಮಾಡಿದಳು. ಕೊನೆಗೆ ಮನೆಯಲ್ಲಿ ಹೇಳಿದಾಗ ಮಗ ಬೈಯಲಿಲ್ಲ; ಅಂಗಡಿ ಮುಚ್ಚಿ, ಎರಡು ಮಕ್ಕಳನ್ನೂ ಕರಕೊಂಡು ನೋಡಲು ಬರುತ್ತೇನೆ ಅಂದ. ಅಜ್ಜಿ ಓಡುವುದನ್ನು ಆ ಮಕ್ಕಳು ಕಂಡವರಲ್ಲ.

ಕ್ಲಿನಿಕ್ಕಿನ ನರ್ಸು ನನಗೆ ಬಿಡಿಸಿ ಹೇಳಿದ್ದಳು. ಆ ದಿನ ಸಕ್ಕರೆ ಇಳಿಸುವ ಇಂಜೆಕ್ಷನ್ ಅರ್ಧ ಮಾತ್ರ, ಮೂರು ಇಡ್ಲಿ ತಿನ್ನಲೇಬೇಕು, ಸೊಂಟದಲ್ಲಿ ಬೆಲ್ಲ ಇರಬೇಕು. ನಾನು ತಲೆ ಅಲ್ಲಾಡಿಸಿದೆ. ಆದರೆ ಪಂದ್ಯ ಮುಗಿದ ಮೇಲೆ ಡಾಕ್ಟರರ ಚಪ್ಪರದಲ್ಲಿ ಎಲ್ಲರ ಎದುರು ಸಕ್ಕರೆ ನೋಡುತ್ತಾರೆ ಎಂದು ಸುದ್ದಿ ಇತ್ತು. ಅಲ್ಲಿ ನನ್ನದೇ ಎಲ್ಲರಿಗಿಂತ ಚಂದದ ನಂಬರು ಆಗಬೇಕು. ಇಂಜೆಕ್ಷನ್ ಪೂರ್ತಿ ಚುಚ್ಚಿಕೊಂಡೆ. ಇಡ್ಲಿಯನ್ನು ಕಾಗೆಗೆ ಹಾಕಿದೆ.

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಎಂತ ಬಂದದ್ದು ಎಂದು ಕೇಳುವುದು ಆಮೇಲೆ. ಐಸಮ್ಮ ನನ್ನ ಮನೆಯಲ್ಲಿ ಎಷ್ಟು ಬೆಲ್ಲ ತಿಂದಿದ್ದಾಳೋ. ಆ ಬೆಳಿಗ್ಗೆ ಅವಳು ಕರವಸ್ತ್ರದಲ್ಲಿ ಬೆಲ್ಲ ಕಟ್ಟಿ ತಂದು ನನ್ನ ಕೈಯಲ್ಲಿಟ್ಟಳು. ನಾನು ಅವಳ ಬೆನ್ನ ಹಿಂದೆ ಅದನ್ನು ಅವಳದೇ ಚೀಲಕ್ಕೆ ಹಾಕಿ ಬಂದೆ.

ಸುಶೀಲ ಅಲೆಯಿಂದ ಮೀನಿನ ಹಾಗೆ ಎದ್ದು ಬಂದು ಪಟ್ಟಿ ಕೊಟ್ಟಳು. ಹೋಗುವಾಗ ನಾನು ಚೆನ್ನಾಗಿಯೇ ತುಳಿದೆ, ಸುಳ್ಳು ಹೇಳುವುದಿಲ್ಲ. ತಿರುಗಿ ಬರುವಾಗ ಕೈ ನಡುಗಲು ಶುರುವಾಯಿತು, ರವಕೆ ಬೆವರಿನಲ್ಲಿ ತೋಯಿತು. ದಾರಿ ಬದಿಯ ಮೇಜಿನಿಂದ ಒಂದು ಹುಡುಗಿ ಶರಬತ್ತು ಚಾಚಿದಳು. ನನಗೆ ಶುಗರ್ ಉಂಟು, ಬೇಡ ಅಂದೆ. ಆಗಲೂ ಜೋರಾಗಿಯೇ ಅಂದೆ. ಇನ್ನು ಮುಕ್ಕಾಲು ಮೈಲಿ ಇರುವಾಗ ಗಾಳಿಮರಗಳು ಒಂದರ ಮೇಲೊಂದು ಬಂದವು. ಸೈಕಲ್ ಕಡಲ ಬದಿಯ ಹೊಯಿಗೆಯಲ್ಲಿ, ನಾನು ಸೈಕಲಿನ ಕೆಳಗೆ.

ಯಾರೋ ಬೆರಳು ಚುಚ್ಚಿದರು. ಶರಬತ್ತಿನ ಹುಡುಗಿಯೇ ಓಡಿ ಬಂದು ಬಗ್ಗಿ, "ಶುಗರ್ ತುಂಬಾ ಇಳಿದಿದೆ ಅಜ್ಜಿ" ಅಂದಳು.

"ಹಾಗಾದರೆ ಒಳ್ಳೆಯದೇ ಆಯಿತಲ್ಲ" ಅಂದೆನಂತೆ ನಾನು.

ಬಾಯಿಗೆ ಸಕ್ಕರೆ ನೀರು ಹೊಯ್ದು, ಎತ್ತಿ ಚಪ್ಪರದಲ್ಲಿ ಮಲಗಿಸಿದರು. ಹತ್ತು ವರ್ಷದ ವ್ರತ ಎರಡು ಲೋಟದಲ್ಲಿ ಮುಗಿಯಿತು. ಅಷ್ಟು ಹೊತ್ತೂ ಐಸಮ್ಮ ಓಟದ ಗೆರೆಯಲ್ಲಿ ನಿಂತಿದ್ದಳು. ಇದನ್ನು ಸುಶೀಲ ಆಮೇಲೆ ಹೇಳಿದಳು. ಮಗ ನೆರಳಿಗೆ ಕರೆದರೂ ಹೋಗಲಿಲ್ಲವಂತೆ, ಈಗ ಬರುತ್ತಾಳೆ ಅಂದಳಂತೆ. ಎರಡು ಸಲ ಬಗ್ಗಿ ಶೂವಿನ ಲಾಡಿ ಬಿಚ್ಚಿ ಕಟ್ಟಿದಳಂತೆ. ಮಕ್ಕಳು ಅಜ್ಜಿ ಯಾವಾಗ ಓಡುವುದು ಎಂದು ಕೇಳಿ ಕೇಳಿ ಕೊನೆಗೆ ಐಸ್ಕ್ರೀಮಿಗೆ ಹಟ ಹಿಡಿದರು. ಓಟದ ದಾರಿಯ ಹಗ್ಗ ಸುತ್ತುವವರು ಬಂದು ಪಂದ್ಯ ಆಯಿತಮ್ಮ ಅಂದ ಮೇಲೆಯೇ ನನ್ನ ಸುದ್ದಿ ಅವಳಿಗೆ ಮುಟ್ಟಿದ್ದು.

ಚಪ್ಪರಕ್ಕೆ ಬಂದಳು. ಚೀಲದಲ್ಲಿ ಕರವಸ್ತ್ರದ ಗಂಟು ಅವಳಿಗೆ ಸಿಕ್ಕಿತ್ತು. ಅದನ್ನು ನನ್ನ ತಲೆದಿಂಬಿನ ಬದಿಗೆ ಇಟ್ಟಳು.

"ನಿನ್ನ ಮನೆಯ ಬೆಲ್ಲ ನಾನು ಒಂದು ದಿನ ಬೇಡ ಹೇಳಿದ್ದುಂಟಾ, ಮಾರಾಯ್ತಿ?" ಅಂದಳು.

ಆಗ ತಪ್ಪಾಯಿತು ಎನ್ನಬೇಕಿತ್ತು. ನಾನು ಮುಂದಿನ ವರ್ಷ ಓಡಿದರಾಯಿತಲ್ಲ ಅಂದೆ. ನಮ್ಮ ಪ್ರಾಯದಲ್ಲಿ ಮುಂದಿನ ವರ್ಷ ಎನ್ನುವುದು ಮಕ್ಕಳನ್ನು ಸಮಾಧಾನ ಮಾಡುವ ಮಾತು. ಮಳೆಗಾಲ ಮುಗಿಯುವುದರೊಳಗೆ ಅವಳ ಮೊಣಕಾಲು ಹೋಯಿತು. ಶೂ ಮಗನ ಅಂಗಡಿಗೆ ವಾಪಸು ಹೋಯಿತು, ಹೊಸದರ ಹಾಗೆಯೇ ಇತ್ತಂತೆ.

ಪಟ್ಟಿ ನನ್ನ ಕಾಲಿನಲ್ಲೇ ಮನೆಗೆ ಬಂದಿತ್ತು. ಸ್ನಾನಕ್ಕೆ ಕೂತಾಗ ಕಂಡೆ. ಯಾರೂ ಕೇಳಲಿಲ್ಲ. ಮೊನ್ನೆ ಅದನ್ನು ಕೆರೆಯ ಬೆಂಚಿನಲ್ಲಿ ಕೂತಿದ್ದ ಐಸಮ್ಮನಿಗೆ ಕೊಡಲು ಹೋದೆ. ಸೀರೆಯ ನೆರಿಗೆ ಚೂರು ಎತ್ತಿ ಮೊಣಕಾಲಿನ ದಪ್ಪ ಬ್ಯಾಂಡೇಜು ತೋರಿಸಿದಳು. "ನನಗೆ ನನ್ನ ಪಟ್ಟಿ ಸಿಕ್ಕಿದೆ. ಅದು ನೀನೇ ಇಟ್ಟುಕೋ" ಅಂದಳು. ಕೋಪದಲ್ಲಿ ಹೇಳಿದ್ದರೆ ನನಗೂ ಸುಲಭವಿತ್ತು, ಜಗಳ ನನಗೆ ಬರುತ್ತದೆ. ಅವಳು ನಗುತ್ತಿದ್ದಳು.

ಈಗ ನನ್ನ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ತುಂಡು ಬೆಲ್ಲ ಉಂಟು. ಬೆಂಚಿನಲ್ಲಿ ಕೂತರೆ ಇರುವೆಗಳು ಸೆರಗು ಹಿಡಿದು ಹತ್ತುತ್ತವೆ, ಐಸಮ್ಮ ಒಂದೊಂದಾಗಿ ಹೆಕ್ಕಿ ಕೆಳಗೆ ಬಿಡುತ್ತಾಳೆ. ತಪ್ಪಾಯಿತು ಎಂಬ ಮಾತು ಪ್ರತಿದಿನ ನಾಲಿಗೆಯ ತನಕ ಬಂದು ಇಳಿದುಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟದ್ದು. ಐಸಮ್ಮ ಓದಿನಲ್ಲೂ ನನಗಿಂತ ಎರಡು ಕ್ಲಾಸು ಮುಂದೆ, ಓದಿಯಾಳು.