ಕೋವಿ ಒಪ್ಪಿಸಿದ ವರ್ಷ

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಎಲೆ ಉದುರುವ ಕಾಲ ಬಂತೆಂದರೆ ಫೆಸೆಂಟ್ ಬೇಟೆಗೆ ಹೊರಡುತ್ತಿದ್ದರು. ನಮ್ಮ ಕಾಡುಕೋಳಿಯಂಥದ್ದೇ, ಉದ್ದ ಬಾಲದ ಹಕ್ಕಿ ಅದು. ನಾನು ಸೇರಿದ ಮೊದಲ ವರ್ಷ ಒಂದು ಜೋಡಿಯನ್ನು ಮನೆಗೇ ತಂದುಕೊಟ್ಟರು. ಗುಂಡಿಗೆ ಸತ್ತದ್ದು, ಹಲಾಲ್ ಮಾಡಿದ್ದಲ್ಲ, ನಾವು ತಿನ್ನುವುದಿಲ್ಲ ಎಂದು ಹೇಳಲು ಬಹಳ ಸಂಕೋಚವಾಯಿತು. ಹೇಳಿದೆ. ಅವರು ಬೇಸರ ತೋರಿಸದೆ ವಾಪಸು ಒಯ್ದರು.

ಕೆಲವು ವರ್ಷಗಳ ನಂತರ ಅವರ ಕೈ ನಡುಗತೊಡಗಿತು. ಅವರ ಡಾಕ್ಟರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು, ಅಲ್ಲಿ ಪಾರ್ಕಿನ್ಸನ್ ಕಾಯಿಲೆ ಎಂದರು. ಯಾರೂ ಕೇಳುವ ಮೊದಲೇ ಅವರು ಕೋವಿಯನ್ನೂ ಲೈಸೆನ್ಸನ್ನೂ ಪೊಲೀಸರಿಗೆ ಒಪ್ಪಿಸಿ ಬಂದರು. ನವೆಂಬರಿನಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಕೇಳಿದರು:

"ಶನಿವಾರ ಹಕ್ಕಿ ಎಬ್ಬಿಸೋಕೆ ಹೋಗ್ತೀನಿ. ಕೋಲಿಂದ ಪೊದೆ ಬಡಿಯೋದು ಅಷ್ಟೆ, ಗುಂಡು ಹಾರಿಸೋರು ಬೇರೆಯವರು. ಒಬ್ಬನೇ ಹೋಗ್ಬೇಡ ಅಂತಾಳೆ ಹೆಂಡತಿ. ನೀನು ಬರ್ತೀಯಾ?"

ಹೋದೆ. ಗುಡ್ಡದ ಬುಡದ ಕಾಡಿನಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ ನಡೆದೆವು. ಹಕ್ಕಿಗಳು ಗದ್ದಲವೆಬ್ಬಿಸುತ್ತ ಎದ್ದವು. ಆಚೆ ಬಯಲಿನಲ್ಲಿ ಕೋವಿಗಳು ಸಿಡಿದವು. ಬೇಟೆ ಮುಗಿದ ಮೇಲೆ ಬೇಲಿಯ ಬಳಿ, ಒಣಗಿದ ಜರಿಗಿಡಗಳ ನಡುವೆ ರೆಕ್ಕೆ ಮುರಿದ ಒಂದು ಹುಂಜ ಒದ್ದಾಡುತ್ತಿತ್ತು. ಅವರು ಎತ್ತಿಕೊಂಡರು. ಕತ್ತು ತಿರುವುವುದು ಅವರಿಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ಆದರೆ ಬೆರಳು ಮಾತು ಕೇಳಲಿಲ್ಲ. ಎರಡು ಸಲ ಹಕ್ಕಿ ಕೈಜಾರಿತು.

"ಆಗ್ತಿಲ್ಲ ನನಗೆ," ಎಂದರು. "ಪಾಪ, ಅದು ಒದ್ದಾಡ್ತಿದೆ."

"ಚಾಕು ಇದೆಯಾ?"

ಜೇಬಿನಿಂದ ತೆಗೆದುಕೊಟ್ಟರು. ಹುಬ್ಬಳ್ಳಿಯಲ್ಲಿ ನನ್ನ ಅಬ್ಬಾ ಕೋಳಿ ಕೊಯ್ಯುವುದನ್ನು ನೋಡಿದ್ದೆನೇ ಹೊರತು ನಾನು ಯಾವತ್ತೂ ಕೊಯ್ದವಳಲ್ಲ. ಹಕ್ಕಿಯ ಮೈ ಬೆಚ್ಚಗಿತ್ತು. ಬಿಸ್ಮಿಲ್ಲಾ ಹೇಳಿ ಕೊಯ್ದೆ. ಅದರ ಅಲುಗಾಟ ಪೂರಾ ನಿಲ್ಲುವವರೆಗೆ ಇಬ್ಬರೂ ಮೊಣಕಾಲೂರಿ ಕೂತಿದ್ದೆವು. ಅವರು ಟೋಪಿ ತೆಗೆದಿದ್ದರು.

"ಈಗ ಇದನ್ನ ನೀನು ತಿನ್ನಬಹುದಲ್ವಾ?"

"ತಿನ್ನಬಹುದು. ನಾಳೆ ನೀವಿಬ್ಬರೂ ಊಟಕ್ಕೆ ಬನ್ನಿ."

ಭಾನುವಾರ ಗಂಡ ಹೆಂಡತಿ ಬಂದರು. ಹಿರಿಯರ ಕೈಯಲ್ಲಿ ಚಮಚ ನಿಲ್ಲದ್ದನ್ನು ಕಂಡು ನನ್ನ ಮಗಳು ತಾನೂ ಚಮಚ ಬದಿಗಿಟ್ಟು ಕೈಯಿಂದಲೇ ತಿನ್ನತೊಡಗಿದಳು. ಅವರೂ ಹಾಗೇ ಮಾಡಿದರು. ಅವರ ಅಂಗಿಯ ಮೇಲೆ ಸಾರು ಬಿತ್ತು. ನಾನು ಇನ್ನಷ್ಟು ಬಡಿಸಿದೆ.

ಈ ವರ್ಷ ಅವರಿಗೆ ನಡೆಯಲು ಆಗುವುದಿಲ್ಲ. ಹೋದ ತಿಂಗಳು ಕಾರಿನಲ್ಲಿ ಆ ಕಾಡಿನ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಕಿಟಕಿ ಇಳಿಸಿ, ದೂರದ ಈಡುಗಳ ಸದ್ದು ಕೇಳುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ಚಳಿಯಾಗುತ್ತಿದೆ, ಮನೆಗೆ ಹೋಗೋಣ ಎಂದರು.