ಈರಪ್ಪನವರ ಸದ್ದಿಲ್ಲದ ಮೋಟಾರು

"ಕಿವಿ ಹಚ್ಚಿ ಕೇಳ್ರಿ ಸರ, ಏನರ ಸಪ್ಪಳ ಬರ್ತೈತೇನು?"

ಬೈಲಹೊಂಗಲದಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಈರಪ್ಪನವರು ತಿರುಗುತ್ತಿದ್ದ ಪುಟ್ಟ ಮೋಟಾರೊಂದನ್ನು ನನ್ನ ಕಿವಿಗೆ ಹಿಡಿದಿದ್ದರು. ಚೂರೂ ಸದ್ದಿರಲಿಲ್ಲ. ಫ್ಯಾನ್ ರಿಪೇರಿಗೆಂದು ಹೋಗಿದ್ದ ನಾನು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ಬೆರಗಾದೆ. ಬಿಚ್ಚಿ ತೋರಿಸಿದರು, ಒಳಗೆ ಬಾಲ್ ಬೇರಿಂಗೇ ಇರಲಿಲ್ಲ. ನಡುವೆ ತಿರುಗುವ ಸರಳು, ಅಂದರೆ ಶಾಫ್ಟಿನ ಮೇಲೆ ಅವರು ಕೈಯಾರೆ ಸಣ್ಣ ಓರೆ ಗೆರೆಗಳನ್ನು ಕೊರೆದಿದ್ದರು. ತಿರುಗುವಾಗ ಅವು ಎಣ್ಣೆಯನ್ನು ಒತ್ತಿ ಹಿಡಿದು ಶಾಫ್ಟನ್ನು ತೇಲಿಸುತ್ತಿದ್ದವು.

"ನಾ ಹೇಳತೇನಿ, ನೀವು ಬರ್ಕೊಳ್ರಿ ಸರ. ಪೇಟೆಂಟಿಗೆ ಕಳಸೂಣು. ನನಗ ಹಂಗ ಬರಿಯಾಕ ಬರೂದಿಲ್ಲ" ಎಂದರು.

ಬರುವ ರವಿವಾರ ಬರುತ್ತೇನೆ ಎಂದೆ. ಆ ರವಿವಾರ ಉತ್ತರಪತ್ರಿಕೆಗಳಿದ್ದವು, ಮುಂದಿನದಕ್ಕೆ ಇನ್ನೇನೋ. ಒಮ್ಮೆ ಬಸ್ ನಿಲ್ದಾಣದಲ್ಲಿ ಅವರು ಕೈಯೆತ್ತಿ ಕರೆದರು. ನಾನು ಗಡಿಯಾರ ತೋರಿಸಿ ಸವದತ್ತಿ ಬಸ್ ಹತ್ತಿಬಿಟ್ಟೆ.

ಎಂಟು ತಿಂಗಳ ಮೇಲೆ ಹೋದಾಗ ಅಂಗಡಿಗೆ ಬೀಗವಿತ್ತು. ಮನೆಗೆ ಹೋದೆ. ಲಕ್ವಾ ಹೊಡೆದು ಅವರ ಬಲಗೈಯೂ ಮಾತೂ ಹೋಗಿದ್ದವು. "ಸರ ಬಂದಾರ ನೋಡ್ರಿ" ಎಂದು ಹೆಂಡತಿ ಅವರನ್ನು ಎಬ್ಬಿಸಿ ಕೂಡಿಸಿದರು. ಆ ಮೋಟಾರು ಎಲ್ಲಿ ಹೋಯಿತೋ ಅವರಿಗೂ ಗೊತ್ತಿರಲಿಲ್ಲ. ಈರಪ್ಪನವರು ಸಿಟ್ಟಾಗಲಿಲ್ಲ. ಎಡಗೈಯಿಂದ ನನ್ನ ಅಂಗೈ ಹಿಡಿದು, ಉಗುರಿನಿಂದ ಓರೆ ಗೆರೆ ಎಳೆಯತೊಡಗಿದರು. ಎಷ್ಟು ಓರೆ, ಎಷ್ಟು ಆಳ, ಯಾವ ಎಣ್ಣೆ? ಕೇಳಿದ್ದಕ್ಕೆಲ್ಲ ಅದೇ ಗೆರೆ. ಅವರ ಕಣ್ಣು ತುಂಬಿದವು.

ಈಗ ಪ್ರತಿ ರವಿವಾರ ಹೋಗುತ್ತೇನೆ. ನಾನು ಒಂದೊಂದಾಗಿ ಕೇಳುತ್ತೇನೆ, ಅವರು ಹೌದು, ಅಲ್ಲ ಎಂದು ತಲೆಯಾಡಿಸುತ್ತಾರೆ. ಇಷ್ಟು ದಿನಕ್ಕೆ ಅರ್ಧ ಪುಟವಾಗಿದೆ. ಅಂದು ನಾನು ಬರೆದುಕೊಳ್ಳಲು ಕುಳಿತಿದ್ದರೆ ಅವರು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದರು.