ಕ್ಲಚ್ಚಕ್ಕನ ಎಡಗಾಲು

ಡ್ರೈವಿಂಗ್ ಸ್ಕೂಲಿನ ಆ ಮೇಡಂಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಇರಲಿ ಬಿಡಿ. ಊರಿಗೆಲ್ಲ ಆಕೆ ಕ್ಲಚ್ಚಕ್ಕ. ಇಪ್ಪತ್ತಾರು ವರ್ಷ ಪಕ್ಕದ ಸೀಟಲ್ಲಿ ಕೂತು, "ಕ್ಲಚ್ಚು, ಕ್ಲಚ್ಚು! ನಿಧಾನಕ್ಕೆ ಬಿಡ್ರೀ, ಅದೇನು ಜಿರಲೆ ಮೇಲೆ ಕಾಲಿಟ್ರಾ?" ಅಂತ ಕೂಗಿ ಕೂಗಿ ಸಂಪಾದಿಸಿದ ಬಿರುದು ಅದು.

ಆಕೆಯ ಕಥೆ ಹೇಳಬೇಕಂದ್ರೆ ಕಾರಿನ ಕಥೆ ಬಿಡೋ ಹಾಗಿಲ್ಲ. ಒಂದೇ ಕಂಪನಿಯ ಒಂದೇ ಸಣ್ಣ ಕಾರು, ಮೂರು ಅವತಾರ. ಅಂಗಡಿಯಲ್ಲಿದ್ದ ಕಾರುಗಳಲ್ಲೆಲ್ಲ ಅಗ್ಗದ್ದು. ಒಂದು ಸ್ಕೂಟರಿನ ಮೇಲೆ ನಾಲ್ಕು ಜನ ಅಂಟಿಕೊಂಡು ಓಡಾಡುತ್ತಿದ್ದ ಸಂಸಾರಗಳು ಮೊದಲು ಕೊಂಡ ಕಾರು. ಎಲ್ಲರೂ ಅದನ್ನು ಪುಟ್ಟಿ ಅಂತಲೇ ಕರೆಯುತ್ತಿದ್ದರು.

ಮೊದಲನೇ ಪುಟ್ಟಿಗೆ ನಾಲ್ಕೇ ಗೇರು, ಹೊರಗಡೆ ಒಂದೇ ಕನ್ನಡಿ. ಇನ್ನೊಂದು ಬೇಕಾದರೆ ನೀವೇ ಹಾಕಿಸಿಕೊಳ್ಳಬೇಕು. ಸ್ಟೀರಿಂಗ್ ತಿರುಗಿಸೋದಂದ್ರೆ ಬೀಸೋಕಲ್ಲು ತಿರುಗಿಸಿದ ಹಾಗೆ, ಕಲಿಯೋಕೆ ಬಂದವರ ರಟ್ಟೆ ಬಿದ್ದುಹೋಗುತ್ತಿತ್ತು. ಆದರೆ ಎಂಥ ಇಕ್ಕಟ್ಟಿನ ಗಲ್ಲಿಯಲ್ಲೂ ನುಸುಳಿ ಆಚೆ ಬರುತ್ತಿತ್ತು, ಪುಣ್ಯಾತ್ಗಿತ್ತಿ! ಹತ್ತು ವರ್ಷದ ಮೇಲೆ ಎರಡನೆಯದು ಬಂತು. ಐದು ಗೇರು, ತಣ್ಣನೆ ಗಾಳಿ, ಒಂದು ಬೆರಳಿಗೆ ತಿರುಗೋ ಸ್ಟೀರಿಂಗ್. "ಇದು ಕಾರಲ್ಲ, ತೊಟ್ಟಿಲು" ಅಂತ ಕ್ಲಚ್ಚಕ್ಕ ಮೂಗು ಮುರಿದಳು. ವಾರ ಕಳೆಯೋದರೊಳಗೆ ಊಟದ ಬಿಡುವಲ್ಲಿ ಅದರಲ್ಲೇ ಗೊರಕೆ ಹೊಡೆದಳು.

ಮೂರನೆಯದು ಸ್ಕೂಲಿಗೆ ಬಂದದ್ದು ಒಂದು ಸೋಮವಾರ. ಹಿಂದೆ ಏನಿದೆ ಅಂತ ತೋರಿಸೋ ಕ್ಯಾಮೆರಾ ಇತ್ತು, ಹಾಡೋ ಪರದೆ ಇತ್ತು. ಕ್ಲಚ್ಚು ಮಾತ್ರ ಇರಲಿಲ್ಲ! ಗೇರು ತನಗೆ ತಾನೇ ಬದಲಾಗುತ್ತಂತೆ. ಕಾಲಿನ ಕೆಳಗೆ ಎರಡೇ ಪೆಡಲು, ಓಡಿಸೋಕೊಂದು, ನಿಲ್ಲಿಸೋಕೊಂದು. ಕ್ಲಚ್ಚಿರೋ ಪುಟ್ಟಿಯನ್ನು ಕಂಪನಿಯವರು ಮಾಡೋದೇ ನಿಲ್ಲಿಸಿಬಿಟ್ಟಿದ್ದರು.

"ಇದೇನು ಮಹಾ" ಅಂತ ಕ್ಲಚ್ಚಕ್ಕ ಹತ್ತಿ ಕೂತಳು. ಸ್ಕೂಲಿನ ಯಜಮಾನರು ಪಕ್ಕದಲ್ಲಿ ಕೂತರು. ಮೊದಲ ತಿರುವಲ್ಲಿ ವೇಗ ಕಡಿಮೆ ಮಾಡೋಣ ಅಂದುಕೊಂಡಳು, ಅಷ್ಟೇ. ಎಡಗಾಲು ಅಭ್ಯಾಸಬಲದಿಂದ ಕ್ಲಚ್ಚು ಹುಡುಕಿಕೊಂಡು ಹೋಗಿ, ಅಗಲವಾದ ಬ್ರೇಕನ್ನು ದಬಕ್ ಅಂತ ಒತ್ತಿತು. ಪುಟ್ಟಿ ಗಕ್ಕನೆ ನಿಂತಿತು, ಯಜಮಾನರ ಕನ್ನಡಕ ಹಾರಿ ಗಾಜಿಗೆ ಬಡಿಯಿತು. ಮತ್ತೆ ಹೊರಟಳು, ಮತ್ತೆ ದಬಕ್. ಆರು ಸಲ! ಅಂಗಳದಲ್ಲಿ ಟೀ ಕುಡಿಯುತ್ತಿದ್ದ ಕಲಿಯೋರೆಲ್ಲ ಬಿದ್ದು ಬಿದ್ದು ನಕ್ಕರು.

"ಹಳೇ ಗಾಡಿ ಎರಡನ್ನೂ ಮಾರ್ತಾ ಇದೀನಿ ಮೇಡಂ," ಅಂದರು ಯಜಮಾನರು, ಕನ್ನಡಕ ಒರೆಸುತ್ತಾ. "ಶನಿವಾರ ಇದರಲ್ಲಿ ಊರು ಒಂದು ಸುತ್ತು ಹಾಕಿ ತೋರಿಸಿ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಒಳಗೆ ಕೂತು ಫಾರಂ ತುಂಬ್ಸಿ."

ಫಾರಂ ತುಂಬೋದು! ದಿನವಿಡೀ ಬೀದಿ ಸುತ್ತಿದ ಜೀವ, ಮೇಜಿನ ಹಿಂದೆ ಕೂತರೆ ಬದುಕುತ್ತಾ? ಮನೆಗೆ ಬಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಗಂಡ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆಯಾದ ಹೊಸದರಲ್ಲಿ ಮೊದಲನೇ ಪುಟ್ಟಿಯಲ್ಲಿ ಅವನಿಗೂ ಕಲಿಸಲು ಹೋಗಿದ್ದಳು. ದಿಬ್ಬದಲ್ಲಿ ಹನ್ನೊಂದು ಸಲ ಗಾಡಿ ಆಫ್ ಆಗಿತ್ತು. ಬಾಯಿಗೆ ಬಂದ ಹಾಗೆ ಬೈದಿದ್ದಳು. ಸಾಲದ್ದಕ್ಕೆ ಅದನ್ನು ಬೀದಿಗೆಲ್ಲ ಹೇಳಿ ನಗಿಸಿದ್ದಳು. ಅವನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಈಗ ಅವನು ಸೂಜಿ ಪಕ್ಕಕ್ಕಿಟ್ಟು ಎಲ್ಲ ಕೇಳಿಸಿಕೊಂಡ. "ಕಾಲಿಂದೇನೂ ತಪ್ಪಿಲ್ಲ ಕಣೇ. ನಿನಗಿನ್ನು ಕೆಲಸ ಇಲ್ಲ ಅಂತ ಅದಕ್ಕೆ ಯಾರೂ ಹೇಳಿಲ್ಲ. ನಂಗೆ ಮೋಟಾರ್ ಮಿಷನ್ ಬಂದಾಗ ಏನಾಯ್ತು, ಮರ್ತ್ಯಾ? ವರ್ಷಗಟ್ಟಲೆ ತುಳಿದ ಕಾಲು. ಇದು ತುಳಿಯೋದು ನಿಲ್ಸಲ್ಲ, ಮಿಷನ್ ಓಡೋದು ನಿಲ್ಸಲ್ಲ. ಡಾಕ್ಟರ ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದುಬಿಟ್ಟಿದ್ದೆ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಆಮೇಲೆ ಏನ್ಮಾಡಿದ್ರಿ?"

"ಎಡಗಾಲು ಮಡಚಿ ಅದರ ಮೇಲೇ ಕೂತೆ. ಹದಿನೈದು ದಿನಕ್ಕೆ ಬುದ್ಧಿ ಬಂತು."

ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತಾರಲ್ಲ, ಹಾಗಾಯಿತು. ಅಡುಗೆಮನೆಯ ಕುರ್ಚಿ ಎಳೆದು ಹಾಕಿದ, ಮುಂದೆ ಪೆಡಲಿನ ಬದಲು ಎರಡು ಇಟ್ಟಿಗೆ ಇಟ್ಟ. ಅವಳ ಎಡಗಾಲನ್ನು ಬಟ್ಟೆಪಟ್ಟಿಯಿಂದ ಕುರ್ಚಿಯ ಕಾಲಿಗೆ ಕಟ್ಟಿದ. "ಹೊರಡು! ಬ್ರೇಕು! ತಿರುವು ಬಂತು, ಬ್ರೇಕು!" ಎಡಗಾಲು ಮಿಸುಕಿದರೆ ಸಾಕು, ಬಟ್ಟೆ ಅಳೆಯೋ ಮರದ ಸ್ಕೇಲಿನಿಂದ ಮೊಣಕಾಲಿಗೆ ಟಕ್ ಅಂತ ಒಂದು.

"ಏನ್ರೀ, ಹೊಡೀತೀರಾ?"

"ಅವತ್ತು ದಿಬ್ಬದ ಮೇಲೆ ನೀನು ಬೈದಿದ್ದಕ್ಕಿಂತ ಮೆತ್ತಗೇ ಇದೆ."

ಕ್ಲಚ್ಚಕ್ಕ ಮೊಣಕಾಲು ಉಜ್ಜಿಕೊಂಡಳು. "ತುಂಬಾ ಬೈದುಬಿಟ್ಟೆ ಅಲ್ವೇನ್ರೀ?" ಅಂದಳು.

"ಹೂಂ, ಬೈದೆ. ಕಾಲು ಹಿಂದಕ್ಕೆ ತಗೋ."

ಬುಧವಾರ ಕಟ್ಟು ಬಿಚ್ಚಿದ. ಗುರುವಾರ ಕಾಲು ಇನ್ನೂ ತುಡಿಯುತ್ತಿತ್ತು. ಶುಕ್ರವಾರ ನೂರು ಸಲಕ್ಕೆ ಮೂರೇ ಟಕ್ ಬಿದ್ದವು.

ಶನಿವಾರ ಯಜಮಾನರು ಕನ್ನಡಕವನ್ನು ಜೇಬಲ್ಲಿಟ್ಟುಕೊಂಡೇ ಕಾರು ಹತ್ತಿದರು. ಪೇಟೆಬೀದಿ ದಾಟಿತು, ಸೇತುವೆ ದಾಟಿತು. ಆಸ್ಪತ್ರೆಯ ಮೂಲೆಯಲ್ಲಿ ಪಾತ್ರೆ ತುಂಬಿದ ಕೈಗಾಡಿಯೊಂದು ಎಲ್ಲಿಂದಲೋ ಅಡ್ಡ ಬಂತು. ಕ್ಲಚ್ಚಕ್ಕನ ಎಡಗಾಲು ಅರ್ಧ ಎದ್ದಿತು, ಎದ್ದದ್ದೇ ಸರಕ್ಕನೆ ಸೀಟಿನ ಕೆಳಗೆ ಸೇರಿಕೊಂಡಿತು. ಬಲಗಾಲು ಮೆತ್ತಗೆ ಒತ್ತಿತು. ಪುಟ್ಟಿ ಕೈಗಾಡಿಗೆ ಎರಡು ಮೊಳ ಇರುವಾಗಲೇ ನಿಂತಿತು. ಯಜಮಾನರು ಒಂದಿಷ್ಟೂ ಮುಗ್ಗರಿಸಲಿಲ್ಲ. ಗಾಡಿಯವನು ಒಂದು ಕೈ ಎತ್ತಿ ಮುಂದೆ ಹೋದ.

ಸ್ಕೂಲಿನ ಅಂಗಳಕ್ಕೆ ವಾಪಸಾದಾಗ ಸೋಮವಾರ ನಕ್ಕವರೆಲ್ಲ ಅಲ್ಲೇ ನಿಂತಿದ್ದರು. ಯಜಮಾನರು ಕನ್ನಡಕ ಹಾಕಿಕೊಂಡು ಇಳಿದರು. "ಸೋಮವಾರದಿಂದ ಈ ಗಾಡಿ ನಿಮ್ಮದೇ ಮೇಡಂ. ಐದೇ ದಿನಕ್ಕೆ! ಅಲ್ಲಾ, ಯಾರು ನಿಮಗೆ ಕಲಿಸಿದ್ದು?"

ಕ್ಲಚ್ಚಕ್ಕ ಗೇಟಿನ ಕಡೆ ತಿರುಗಿದಳು. ಕಣ್ಣು ತುಂಬಿ ಬಂದಿತ್ತು, ಗಂಟಲು ಮಾತ್ರ ಇಪ್ಪತ್ತಾರು ವರ್ಷದ ಗಂಟಲೇ. ಇಡೀ ಅಂಗಳಕ್ಕೆ, ಬೀದಿಗೂ ಕೇಳಲಿ ಅಂತಲೇ ಕೂಗಿದಳು: "ಅಲ್ಲಿ ನಿಂತಿದಾರಲ್ಲ, ಕತ್ತಿಗೆ ಟೇಪು ಹಾಕ್ಕೊಂಡು, ಅವರೇ ನನ್ನ ಮೇಷ್ಟ್ರು!"

ಎಲ್ಲರೂ ಗೇಟಿನ ಕಡೆ ನೋಡಿದರು. ತನ್ನ ಹಿಂದೆ ಯಾರು ನಿಂತಿದ್ದಾರೋ ಅಂತ ಟೈಲರ್ ತಿರುಗಿ ನೋಡಿದ.